ಊರಿಗೆ ಹೊರಡುವ ಮೊದಲು ಬೈಕಿನ ಶಾಕಪ್ ಕಡೆಗೂ ಒಮ್ಮೆ ನೋಡಿ

ಚೌತಿ ಹತ್ತಿರವಾಗುತ್ತಿದ್ದಂತೆ ಮುಂಬಯಿ, ಠಾಣೆ, ನವಿಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ 1998ರಿಂದ ಹಿರಿಯರಿಗೆ ಮತ್ಸ್ಯಗಂಧವೇ ಊರಿನ ದಾರಿ. ಟಿಕೇಟು ಸಿಗದವರಿಗೆ ಖಾಸಗಿ ಬಸ್ಸು ಇದೆ. ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯುವವರು ನಮ್ಮ ಯುವಕರು. ಬೈಕಿಗೆ ಬ್ಯಾಗು ಕಟ್ಟಿ, ಕೆಲವೊಮ್ಮೆ ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಬೆಳಗಿನ ಜಾವ ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಮಹಾಡ್, ಚಿಪ್ಳೂಣ್, ಕಣಕವಲಿ, ಸಾವಂತವಾಡಿ, ಗೋವಾ; ಮಾಜಾಳಿ ದಾಟಿದರೆ ಕಾರವಾರ, ಅಲ್ಲಿಂದ ಮುಂದೆ ಕುಂದಾಪುರ, ಉಡುಪಿ. ಪುಣೆಯವರು ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾರಿಯಾಗಿ ಅರಬೈಲು ಘಾಟಿ ಇಳಿದು ಅಂಕೋಲಾ ಸೇರುತ್ತಾರೆ. ಬೈಕಿನಲ್ಲಿ ಇಷ್ಟು ದೂರ ಬೇಡವೆಂದು ಮನೆಯವರು ಹೇಳುವುದು, ಹುಡುಗರು ಕೇಳದಿರುವುದು ಎರಡೂ ಪ್ರತಿ ವರ್ಷದ ಕಥೆ.

ಹೊರಡುವ ಮುಂಚೆ ಗ್ಯಾರೇಜಿನಲ್ಲಿ ಆಯಿಲ್ ಬದಲಾಗುತ್ತದೆ, ಬ್ರೇಕ್ ನೋಡಿಸುತ್ತಾರೆ, ಚೈನು ಬಿಗಿಯಾಗುತ್ತದೆ, ಟಯರಿಗೆ ಗಾಳಿ ತುಂಬುತ್ತದೆ. ಗಾಡಿ ಕೊಂಡ ದಿನದಿಂದ ಯಾರ ಕೈಯೂ ತಾಗದೆ ಉಳಿಯುವ ಭಾಗ ಒಂದಿದೆ. ಹಿಂದಿನ ಚಕ್ರದ ಎರಡೂ ಬದಿ ಸ್ಪ್ರಿಂಗ್ ಸುತ್ತಿಕೊಂಡು ನಿಂತಿರುವ, ಮುಂಬಯಿಯ ಮೆಕ್ಯಾನಿಕ್‌ಗಳು 'ಶಾಕಪ್' ಎಂದು ಕರೆಯುವ ಶಾಕ್ ಅಬ್ಸಾರ್ಬರ್. ಅದರ ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ ಒಂದು ರಿಂಗ್ ಇರುತ್ತದೆ. ಸ್ಪ್ಲೆಂಡರ್, ಪಲ್ಸರ್‌ಗಳಂಥ ಬಹುತೇಕ ಬೈಕುಗಳಲ್ಲಿ ಈ ರಿಂಗಿಗೆ 5 ಮೆಟ್ಟಿಲು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 6. ಇದು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಗಾಡಿಯ ಮೇಲೆ ಕೂರುವವರ ತೂಕಕ್ಕೆ ತಕ್ಕಂತೆ ಸ್ಪ್ರಿಂಗನ್ನು ಹೊಂದಿಸಿಕೊಳ್ಳಲೆಂದೇ ಕಂಪೆನಿ ಕೊಟ್ಟ ಸೌಲಭ್ಯ ಅದು. ಗಾಡಿಯ ಜೊತೆ ಬರುವ ಪಾನಗಳ ಚೀಲದಲ್ಲಿ ಕೊಕ್ಕೆಯಂತೆ ಬಾಗಿದ ಒಂದು ಪಾನ ಇದ್ದರೆ, ಅದು ಈ ಕೆಲಸದ್ದೇ. ಎಷ್ಟೋ ಮನೆಗಳಲ್ಲಿ ಆ ಚೀಲ ಬಿಚ್ಚಿಯೇ ಇಲ್ಲ.

ಶೋರೂಮಿನಿಂದ ಹೊರಬರುವ ಬೈಕಿನ ಸ್ಪ್ರಿಂಗ್ ಸಾಮಾನ್ಯವಾಗಿ ಮಧ್ಯಮ ತೂಕದ ಒಬ್ಬ ಸವಾರನಿಗೆ ಹೊಂದುವಂತಿರುತ್ತದೆ. ನಮ್ಮ ಸಂಸಾರಗಳಲ್ಲಿ ಬೈಕು ಮಾಡುವ ಕೆಲಸವೇ ಬೇರೆ. ಬೆಳಿಗ್ಗೆ ಒಬ್ಬರೇ ಸ್ಟೇಷನ್ನಿಗೆ, ಸಂಜೆ ಇಬ್ಬರು ಸಂಘದ ಸಭೆಗೆ, ಭಾನುವಾರ ಇಬ್ಬರ ಜೊತೆ ಮಾರ್ಕೆಟಿನ ಎರಡು ಚೀಲ. ಗಂಡನ ತೂಕ 75 ಕಿಲೋ, ಹೆಂಡತಿಯದು 60, ಬ್ಯಾಗು 15 ಎಂದು ಹಿಡಿದರೆ 150 ಕಿಲೋ ಆಯಿತು. ಸ್ಪ್ಲೆಂಡರ್ ಬೈಕಿನ ಸ್ವಂತ ತೂಕವೇ ಸುಮಾರು 112 ಕಿಲೋ. ತನಗಿಂತ ಹೆಚ್ಚು ಭಾರವನ್ನು ಅದು ಹೊತ್ತು ಓಡುತ್ತಿದೆ ಎಂದಾಯಿತು. ಹಿಂದೆ ಕೂತವರು ಹೆಚ್ಚು ಕಡಿಮೆ ಹಿಂದಿನ ಚಕ್ರದ ನೇರ ಮೇಲೆಯೇ ಕೂರುವುದರಿಂದ ಅವರ ತೂಕ, ಬ್ಯಾಗಿನ ತೂಕ ಎರಡೂ ಬಹುಪಾಲು ಹಿಂದಿನ ಆ ಎರಡು ಸ್ಪ್ರಿಂಗುಗಳ ಮೇಲೆಯೇ ಬೀಳುತ್ತದೆ. ಮುಂದಿನ ಚಕ್ರಕ್ಕೆ ಅದರಲ್ಲಿ ಪಾಲು ತೀರ ಕಡಿಮೆ.

ಹಿಂದೆ ತಗ್ಗಿದರೆ ಮುಂದೆ ಏನಾಗುತ್ತದೆ?

ಹೀಗೆ ಹಿಂಭಾಗ ಕುಸಿದ ಬೈಕು ದೋಣಿಯಂತೆ ಮೂತಿ ಎತ್ತಿಕೊಂಡು ಹೋಗುತ್ತದೆ. ಮೊದಲ ಪರಿಣಾಮ ಕಾಣುವುದು ಹೆಡ್‌ಲೈಟಿನಲ್ಲಿ. ಒಬ್ಬರೇ ಕೂತಾಗ ರಸ್ತೆಯ ಮೇಲೆ ಸರಿಯಾಗಿ ಬೀಳುತ್ತಿದ್ದ ಬೆಳಕು ಈಗ ಮರದ ಕೊಂಬೆಗಳ ಮೇಲೆ, ಎದುರಿನ ಲಾರಿ ಚಾಲಕನ ಕಣ್ಣಿನ ಮೇಲೆ. ಮಳೆಗಾಲದ ರಾತ್ರಿ ಕೊಂಕಣದ ರಸ್ತೆಯಲ್ಲಿ ನೀರು ತುಂಬಿದ ಹೊಂಡ ಕಾಣಬೇಕಾದುದು ಸವಾರನ ಮುಂದಿನ ಮೂವತ್ತು ನಲವತ್ತು ಅಡಿಯಲ್ಲಿ. ಬೆಳಕು ಅಲ್ಲಿ ಇಲ್ಲವೇ ಇಲ್ಲ.

ಎರಡನೆಯದು ಹ್ಯಾಂಡಲ್. ಮುಂದಿನ ಚಕ್ರದ ಮೇಲಿನ ಒತ್ತಡ ಕಡಿಮೆಯಾಗಿ ಹ್ಯಾಂಡಲ್ ಹಗುರವಾದಂತೆ ಅನಿಸುತ್ತದೆ. ನೇರ ರಸ್ತೆಯಲ್ಲಿ ಅದು ಹಿತವಾಗಿಯೂ ಇರಬಹುದು. ಆದರೆ ಘಾಟಿಯ ತಿರುವಿನಲ್ಲಿ ಬೈಕು ಬಾಗಲು ಒಪ್ಪದೆ ಹೊರಗಿನ ಅಂಚಿನ ಕಡೆಗೆ ಸರಿಯುತ್ತದೆ. ಎಡ ತಿರುವಾದರೆ ಆ ಹೊರಗಿನ ಅಂಚು ಎಂದರೆ ಎದುರಿನಿಂದ ಬರುವ ವಾಹನಗಳ ಸಾಲು. ಕಶೇಡಿಗೆ ಈಗ ಸುರಂಗ ಬಂದಿದ್ದರೂ ಚಿಪ್ಳೂಣ್ ಬಳಿಯ ಪರಶುರಾಮ ಘಾಟಿ, ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಅರಬೈಲು, ಇಲ್ಲೆಲ್ಲ ತಿರುವು ತಪ್ಪುವ ಅವಕಾಶ ಇಲ್ಲ.

ಮೂರನೆಯದು ಬೆನ್ನು. ಸಾಮಾನ್ಯ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಚಲಿಸಲು ಇರುವ ಜಾಗ ಸುಮಾರು 100 ಮಿ.ಮೀ. ಎಂದುಕೊಳ್ಳಿ. ಕೂತ ಭಾರಕ್ಕೇ ಅದರಲ್ಲಿ 60 ಮಿ.ಮೀ. ಮುಗಿದುಹೋದರೆ ಹೊಂಡಕ್ಕೆ ಉಳಿಯುವುದು 40 ಮಾತ್ರ. ದೊಡ್ಡ ಹೊಂಡ ಬಂದಾಗ ಶಾಕಪ್ ತಳ ಮುಟ್ಟಿ 'ಠಕ್' ಎನ್ನುತ್ತದೆ. ಆ ಕ್ಷಣದಲ್ಲಿ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಏಟು ನೇರವಾಗಿ ರಿಮ್ಮಿಗೆ, ಚೌಕಟ್ಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದೆ ಕೂತವರ ಬೆನ್ನುಹುರಿಗೆ. ಮುಂದಿನವನಿಗೆ ಹೊಂಡ ಕಾಣುತ್ತದೆ, ಕಾಲಿನ ಮೇಲೆ ಸ್ವಲ್ಪ ಏಳುತ್ತಾನೆ. ಹಿಂದಿನವರಿಗೆ ಹೊಂಡ ಗೊತ್ತಾಗುವುದು ಏಟು ಬಿದ್ದ ಮೇಲೆ. ಊರಿಗೆ ತಲುಪಿದ ಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ತಿರುಗುವವರು ಸಾಮಾನ್ಯವಾಗಿ ಮನೆಯ ಹೆಂಗಸರೇ ಆಗಿರುವುದಕ್ಕೆ ಇದೂ ಒಂದು ಕಾರಣ.

ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಎತ್ತರ ಬದಲಾಗುತ್ತದೆ

ರಿಂಗನ್ನು ಮೇಲಿನ ಮೆಟ್ಟಿಲಿಗೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಇದೆ. ಅದು ಅಷ್ಟು ಸರಿಯಲ್ಲ. ಸ್ಪ್ರಿಂಗಿಗೆ ಎಷ್ಟು ಭಾರ ಹಾಕಿದರೆ ಅದೇ ಪ್ರಮಾಣದಲ್ಲಿ ಅದು ಕುಗ್ಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದರು. ನಮ್ಮ ಮಕ್ಕಳು ಶಾಲೆಯಲ್ಲಿ ಇದನ್ನು ಓದಿಯೇ ಇರುತ್ತಾರೆ. 20 ಕಿಲೋಗೆ 10 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಮುಂದಿನ 20 ಕಿಲೋಗೂ ಇನ್ನೊಂದು 10 ಮಿ.ಮೀ. ಕುಗ್ಗುತ್ತದೆ. ರಿಂಗ್ ಎಲ್ಲಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ರಿಂಗ್ ಮಾಡುವುದು ಇಷ್ಟೇ: ಯಾರೂ ಕೂರುವ ಮೊದಲೇ ಸ್ಪ್ರಿಂಗನ್ನು ಸ್ವಲ್ಪ ಅದುಮಿ ಇಡುತ್ತದೆ. ಹಾಗಾಗಿ ಮೊದಲ ಒಂದಿಷ್ಟು ಭಾರ ಅದಕ್ಕೆ ತಾಗುವುದೇ ಇಲ್ಲ, ಗಾಡಿಯ ಹಿಂಭಾಗ ಎತ್ತರದಲ್ಲೇ ನಿಲ್ಲುತ್ತದೆ, ಹೊಂಡಕ್ಕೆ ಹೆಚ್ಚು ಜಾಗ ಉಳಿಯುತ್ತದೆ. ಇದಕ್ಕೆ ಪ್ರೀಲೋಡ್ ಎಂದು ಹೆಸರು.

ಸ್ಪ್ರಿಂಗಿನ ಒಳಗಿರುವ ಕೊಳವೆಯ ಕೆಲಸ ಬೇರೆ. ಕಚೇರಿಯ ಬಾಗಿಲ ಮೇಲೆ ಇರುವ ಡೋರ್ ಕ್ಲೋಸರ್ ಎಲ್ಲರೂ ನೋಡಿದ್ದೇ. ಅದರೊಳಗಿನ ಎಣ್ಣೆ ಸಣ್ಣ ರಂಧ್ರದಿಂದ ಹಾದುಹೋಗಬೇಕಾದ್ದರಿಂದ ಬಾಗಿಲು ಧಡ್ ಎನ್ನದೆ ಮೆಲ್ಲಗೆ ಮುಚ್ಚುತ್ತದೆ. ಶಾಕಪ್ಪಿನ ಕೊಳವೆಯೂ ಹಾಗೆಯೇ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ ಸ್ಪ್ರಿಂಗಿನ ಕುಣಿತವನ್ನು ಹತೋಟಿಯಲ್ಲಿಡುತ್ತದೆ. ದುಬಾರಿ ಬೈಕುಗಳಲ್ಲಿ ಈ ಹತೋಟಿಯನ್ನೂ ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ನಮ್ಮ ನಿತ್ಯದ ಬೈಕುಗಳಲ್ಲಿ ಆ ಅವಕಾಶವಿಲ್ಲ. ಕೊಳವೆಯಿಂದ ಎಣ್ಣೆ ಸೋರಿ ಹೋಗಿದ್ದರೆ ರಿಂಗನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು. ಪರೀಕ್ಷೆ ಸುಲಭ. ಸೀಟಿನ ಹಿಂಭಾಗವನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆಯ ಪಸೆ, ಅದಕ್ಕೆ ಅಂಟಿದ ಧೂಳು ಕಂಡರೆ ಶಾಕಪ್ ಬದಲಿಸುವ ಕಾಲ ಬಂದಿದೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಒಂದು ಟೇಪು, ಇಬ್ಬರು ಜನ

ಯಾರಿಗೆ ಎಷ್ಟನೇ ಮೆಟ್ಟಿಲು ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅಳತೆ ಮಾಡಿ ನೋಡುವುದು ಒಳ್ಳೆಯದು. ರೇಸಿನವರು ಮಾಡುವುದೂ ಇದನ್ನೇ, ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಬೈಕನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ನೆಲ ತಾಗದೆ ತೂಗಾಡುತ್ತಿರಬೇಕು. ಹಿಂದಿನ ಆಕ್ಸಲ್ ನಟ್ಟಿನ ನಡುವಿನಿಂದ ಅದರ ನೇರ ಮೇಲೆ ಸೀಟಿನ ಅಡಿ ಒಂದು ಗುರುತು ಮಾಡಿ ಟೇಪು ಹಿಡಿಯಿರಿ. ಉದಾಹರಣೆಗೆ ಅದು 520 ಮಿ.ಮೀ. ಇರಲಿ. ಅನಂತರ ಗಾಡಿಯನ್ನು ನೆಲಕ್ಕಿಳಿಸಿ, ಸವಾರ ಹೆಲ್ಮೆಟ್, ಜಾಕೆಟ್ ಸಮೇತ ಕೂತು ಎರಡೂ ಕಾಲನ್ನು ಫುಟ್‌ರೆಸ್ಟಿನ ಮೇಲಿಡಬೇಕು. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದುಕೊಳ್ಳಲಿ. ಕೂತವರು ಎರಡು ಸಲ ಕುಲುಕಿ ನಿಂತ ಮೇಲೆ ಅದೇ ಜಾಗ ಅಳೆಯಿರಿ. 488 ಬಂದರೆ 32 ಮಿ.ಮೀ. ಇಳಿದಿದೆ ಎಂದರ್ಥ. ಇದಕ್ಕೆ ಬಲ್ಲವರು ಸ್ಯಾಗ್ ಎನ್ನುತ್ತಾರೆ.

ಚಕ್ರಕ್ಕೆ ಇರುವ ಒಟ್ಟು ಚಲನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಸವಾರನ ತೂಕಕ್ಕೆ ಇಳಿದರೆ ಸರಿ ಎಂಬುದು ರೂಢಿಯ ಲೆಕ್ಕ. 100 ಮಿ.ಮೀ. ಚಲನೆ ಇರುವ ಬೈಕಿಗೆ 30ರಿಂದ 35 ಎನ್ನಬಹುದು. ಇಳಿತ ಬೇಕೇ ಬೇಕು. ಏಕೆಂದರೆ ಹೊಂಡ ಬಂದಾಗ ಚಕ್ರ ಕೆಳಗೆ ಇಳಿದು ರಸ್ತೆಯನ್ನು ಹಿಡಿದುಕೊಳ್ಳಲು ಆ ಜಾಗವೇ ಸಹಾಯ ಮಾಡುವುದು. ಈಗ ಹೆಂಡತಿಯೂ ಬ್ಯಾಗೂ ಸೇರಿ ಅಳೆಯಿರಿ. 462 ಬಂದರೆ ಇಳಿತ 58. ರಿಂಗನ್ನು ಎರಡು ಮೆಟ್ಟಿಲು ಏರಿಸಿ ಮತ್ತೆ ನೋಡಿದರೆ 470 ಆಗಬಹುದು, ಅಂದರೆ 50. ಕೊನೆಯ ಮೆಟ್ಟಿಲಿಗೆ ಹೋದರೂ ಒಬ್ಬರೇ ಕೂತಾಗಿನ ಅಳತೆಗೆ ಅದು ಪೂರ್ತಿ ಮರಳದು. ಆದರೆ ಆ ಹತ್ತು ಹನ್ನೆರಡು ಮಿ.ಮೀ. ಹೆಡ್‌ಲೈಟನ್ನು ರಸ್ತೆಗೆ ಇಳಿಸಲು, ಹೊಂಡದ 'ಠಕ್' ತಪ್ಪಿಸಲು ಬಹಳ ಸಲ ಸಾಕಾಗುತ್ತದೆ.

ಕೊನೆಯ ಮೆಟ್ಟಿಲಲ್ಲೂ ಅರ್ಧಕ್ಕಿಂತ ಹೆಚ್ಚು ಇಳಿದರೆ ಆ ಬೈಕಿಗೆ ಅದು ಹೊರಲಾರದ ಭಾರ. ಬ್ಯಾಗನ್ನು ರೈಲಿನಲ್ಲಿ ಹೋಗುವ ಅತ್ತೆ ಮಾವನ ಕೈಯಲ್ಲಿ ಕಳುಹಿಸುವುದೇ ಉತ್ತಮ. ಪ್ರತಿ ಬೈಕಿನ ಪುಸ್ತಕದಲ್ಲಿ ಎಷ್ಟು ಭಾರ ಹೇರಬಹುದು ಎಂದು ಬರೆದಿರುತ್ತದೆ. ಮೂವರು ಕೂರುವುದಂತೂ ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನ ಪ್ರಕಾರ ಅಪರಾಧವೇ ಆಗಿದೆ.

ರಿಂಗ್ ತಿರುಗಿಸುವಾಗ ಎರಡು ಮಾತು ನೆನಪಿಡಬೇಕು. ಎಡಬಲ ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಬೇಕು. ಒಂದು ಬದಿ 2, ಇನ್ನೊಂದು ಬದಿ 4 ಆದರೆ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್ ತಿರುಚುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಕೈಗೆ ಸಿಗುವ ಬದಿಯನ್ನಷ್ಟೇ ತಿರುಗಿಸಿ ಬಿಡುವುದುಂಟು, ಗಾಡಿ ಪಡೆಯುವಾಗ ಬಗ್ಗಿ ನೋಡಿಕೊಳ್ಳಬೇಕು. ಎರಡನೆಯದಾಗಿ, ಒಂದೊಂದೇ ಮೆಟ್ಟಿಲು ಕ್ರಮವಾಗಿ ಏರಬೇಕು, ಕ್ರಮವಾಗಿ ಇಳಿಯಬೇಕು. 5ರಿಂದ ನೇರ 1ಕ್ಕೆ ಹಾರಿಸಿದರೆ ಶಾಕಪ್ಪಿಗೆ ಹಾನಿಯಾದೀತೆಂದು ಹಲವು ಬೈಕುಗಳ ಪುಸ್ತಕದಲ್ಲೇ ಎಚ್ಚರಿಕೆ ಇದೆ. ಮುಂಬಯಿಯ ಉಪ್ಪು ಗಾಳಿಗೆ, ಎರಡು ಮಳೆಗಾಲಕ್ಕೆ ರಿಂಗ್ ತುಕ್ಕು ಹಿಡಿದು ಕೂತಿರುವುದು ಸಾಮಾನ್ಯ. ಮಣ್ಣು ಒರೆಸಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಪಾನ ಹಾಕಿದರೆ ತಿರುಗುತ್ತದೆ. ಚಾಣ ಸುತ್ತಿಗೆಯಿಂದ ಹೊಡೆದು ತಿರುಗಿಸುವವರ ಕೈಗೆ ಗಾಡಿ ಕೊಡಬಾರದು. ಒಂದೇ ಶಾಕಪ್ ಇರುವ ಬೈಕುಗಳಲ್ಲಿ ರಿಂಗ್ ಸೀಟಿನ ಕೆಳಗೆ ಅಡಗಿರುತ್ತದೆ, ಅದನ್ನು ಸರ್ವಿಸ್ ಸೆಂಟರಿನಲ್ಲೇ ಮಾಡಿಸಬೇಕು.

ಭಾರ ಹೆಚ್ಚಿದಾಗ ಇದರ ಜೊತೆಗೇ ನೋಡಬೇಕಾದುದು ಟಯರಿನ ಗಾಳಿ ಮತ್ತು ಚೈನು. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಗಾಳಿ ಎಂದು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಬೇರೆ ಬೇರೆ ಬರೆದಿರುತ್ತದೆ. ಚೈನಿನ ವಿಷಯ ಸ್ವಲ್ಪ ಸೂಕ್ಷ್ಮ. ಖಾಲಿ ಗಾಡಿಯಲ್ಲಿ ಬಿಗಿಯಾಗಿ ಕಾಣುವ ಚೈನು, ಇಬ್ಬರು ಕೂತು ಹಿಂಭಾಗ ತಗ್ಗಿದಾಗ ಇನ್ನಷ್ಟು ಬಿಗಿಯುತ್ತದೆ. ಪ್ರಯಾಣಕ್ಕೆ ಮುನ್ನ ಚೈನು 'ಟೈಟ್' ಮಾಡಿಸಿಕೊಂಡು ಹೋಗುವ ಅಭ್ಯಾಸ ಹೀಗಾಗಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು. ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇರಲೇಬೇಕು.

ತೂಕ ಒಂದೇ, ಓಡಿಸುವ ರೀತಿ ಬೇರೆ

ಒಂದೇ ತೂಕದ ಇಬ್ಬರಿಗೂ ಒಂದೇ ಮೆಟ್ಟಿಲು ಹೊಂದಬೇಕೆಂದಿಲ್ಲ. ಬೆಳಿಗ್ಗೆ ಗಲ್ಲಿ ಗಲ್ಲಿ ತಿರುಗಿ ಪೇಪರ್ ಹಾಕುವವರು, ಪಾರ್ಸೆಲ್ ತಲುಪಿಸುವವರು 30 ಕಿ.ಮೀ. ವೇಗ ದಾಟುವುದೇ ಅಪರೂಪ. ಅವರಿಗೆ ಪೇವರ್ ಬ್ಲಾಕಿನ ಕಟಕಟವೇ ದೊಡ್ಡ ತೊಂದರೆ, ಒಂದು ಮೆಟ್ಟಿಲು ಕಡಿಮೆ ಇದ್ದರೆ ಹಿತ. ಅದೇ ತೂಕದವರು ಹಳೆಯ ಮುಂಬಯಿ-ಪುಣೆ ಹೆದ್ದಾರಿಯಲ್ಲಿ 70-80ರ ವೇಗದಲ್ಲಿ ಸಾಗಿ ಖಂಡಾಲ ಇಳಿಯುವಾಗ ಬ್ರೇಕ್ ಒತ್ತುವವರಾದರೆ ಗಾಡಿ ತೂಗಾಡದಂತೆ ಒಂದು ಮೆಟ್ಟಿಲು ಹೆಚ್ಚು ಬೇಕಾಗುತ್ತದೆ. ಮೆಟ್ಟಿಲು ಹೆಚ್ಚಿದಷ್ಟು ಒಳ್ಳೆಯದು, ಅದೇ ಗಂಡಸುತನ ಎಂದು ತಿಳಿಯುವ ಹುಡುಗರೂ ಇದ್ದಾರೆ. 55 ಕಿಲೋ ತೂಕದವನು 5ನೇ ಮೆಟ್ಟಿಲಿನಲ್ಲಿ ಒಬ್ಬನೇ ಹೋದರೆ ಹಿಂದಿನ ಚಕ್ರ ಉಬ್ಬಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, ಮಳೆಯ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ, ಸೀಟು ಎತ್ತರವಾಗಿ ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ.

ಸ್ಕೂಟರ್ ಓಡಿಸುವ ನಮ್ಮ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ. 2020ರಲ್ಲಿ ಬಂದ ಆಕ್ಟಿವಾ 6ಜಿಯಲ್ಲಿ ಹಿಂದಿನ ಸ್ಪ್ರಿಂಗಿಗೆ 3 ಮೆಟ್ಟಿಲು ಇದೆ. ಗಂಡನೋ ಅಣ್ಣನೋ ಓಡಿಸುತ್ತಿದ್ದಾಗ ಮೇಲೇರಿಸಿದ್ದ ಮೆಟ್ಟಿಲು, ಗಾಡಿ ಕೈ ಬದಲಾದ ಮೇಲೂ ಹಾಗೆಯೇ ಉಳಿದಿರುತ್ತದೆ. ಹಗುರ ತೂಕದವರಿಗೆ ಗಾಡಿ ಒರಟಾಗಿ ಅನಿಸಿ, ಸ್ಕೂಟರೇ ಸರಿಯಿಲ್ಲ ಎಂದು ಮಾರಿಬಿಡುವ ಮೊದಲು ರಿಂಗ್ ನೋಡಬೇಕು. ಇನ್ನು ಹೊಟೇಲು ಉದ್ಯಮದ ನಮ್ಮವರು ಬೆಳಗಾತ ತರಕಾರಿ, ಹಾಲಿನ ಕ್ಯಾನು ಸ್ಕೂಟರಿನಲ್ಲೇ ತರುತ್ತಾರೆ. ಕಾಲಿಡುವ ಜಾಗದಲ್ಲಿ ಇಟ್ಟ ಭಾರ ಎರಡೂ ಚಕ್ರಕ್ಕೆ ಹಂಚಿಹೋಗುತ್ತದೆ, ಹಿಂದಿನ ಸೀಟಿಗೆ ಕಟ್ಟಿದ್ದು ಹಿಂದಿನ ಸ್ಪ್ರಿಂಗಿನ ಮೇಲೇ ಬೀಳುತ್ತದೆ. ಆದರೆ ಕಾಲು ಇಡಲು ಜಾಗವಿಲ್ಲದೆ ಎರಡೂ ಕಡೆ ಕಾಲು ಇಳಿಬಿಟ್ಟು ಓಡಿಸುವುದಂತೂ ಯಾವ ಮೆಟ್ಟಿಲಿನಿಂದಲೂ ಸರಿಹೋಗದ ಅಪಾಯ.

ಸವಾರನ ತೂಕಕ್ಕೆ ಸ್ಪ್ರಿಂಗ್ ಹೊಂದಿಸುವುದು ಎಷ್ಟು ಮುಖ್ಯವೆಂಬುದನ್ನು ತಿಳಿಯಲು ಡಾಕರ್ ರ್‍ಯಾಲಿಯ ಕಡೆ ನೋಡಬೇಕು. ಮರುಭೂಮಿಯಲ್ಲಿ ಸಾವಿರಾರು ಕಿ.ಮೀ. ಓಡುವ ಈ ಕಠಿಣ ಸ್ಪರ್ಧೆಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಅವರು 36ನೇ ಸ್ಥಾನ ಪಡೆದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ 37ನೆಯವರಾಗಿ ಗುರಿ ಮುಟ್ಟಿದರು. ಇಂಥ ರ್‍ಯಾಲಿ ಬೈಕುಗಳ ಚಕ್ರಕ್ಕೆ ಸುಮಾರು 300 ಮಿ.ಮೀ. ಚಲನೆ, ನಮ್ಮ ಬೈಕಿನ ಮೂರು ಪಟ್ಟು. ಸ್ಪ್ರಿಂಗನ್ನು ಸವಾರನ ತೂಕ ನೋಡಿಯೇ ಆರಿಸುತ್ತಾರೆ. ಬೈಕಿನಲ್ಲಿ 30 ಲೀಟರ್ ಪೆಟ್ರೋಲು ತುಂಬಿದರೆ ಅದೇ ಸುಮಾರು 22 ಕಿಲೋ. ದಾರಿ ಸಾಗಿದಂತೆ ಅದು ಖಾಲಿಯಾಗುತ್ತ ಹೋಗುತ್ತದೆ, ಗಾಡಿಯ ನಡತೆಯೂ ಬದಲಾಗುತ್ತದೆ. 22 ಕಿಲೋ ವ್ಯತ್ಯಾಸವನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಹಿಂದೆ 60 ಕಿಲೋ ಕೂರಿಸಿಕೊಂಡು ನಾವು ಏನೂ ಮಾಡದೆ ಹೊರಡುತ್ತೇವೆ.

ಪಿಕ್‌ನಿಕ್ಕಿನ ನಾಲ್ಕು ಚಕ್ರದ ಬೈಕು

ಸಂಘಗಳ ವಾರ್ಷಿಕ ವಿಹಾರ ಕೂಟಗಳು ಲೋನಾವಳ, ಅಲಿಬಾಗ್, ಕರ್ಜತ್ ಕಡೆ ನಡೆಯುವಾಗ ಮಕ್ಕಳು ಮುಗಿಬೀಳುವ ನಾಲ್ಕು ಚಕ್ರದ ಎ.ಟಿ.ವಿ. ವಿಷಯದಲ್ಲೂ ಇದೇ ಮಾತು ಹೇಳಬೇಕಾಗಿದೆ. 1970ರಲ್ಲಿ ಹೋಂಡಾ ಕಂಪೆನಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಮೊದಲ ಎ.ಟಿ.ವಿ.ಗೆ ಮೂರು ಚಕ್ರ, ಸ್ಪ್ರಿಂಗ್ ಇರಲೇ ಇಲ್ಲ. ಬಲೂನಿನಂಥ ಮೆತ್ತನೆಯ ಟಯರುಗಳೇ ಏಟು ತಡೆಯುತ್ತಿದ್ದವು. ಮಗುಚುವ ಅಪಘಾತಗಳು ಹೆಚ್ಚಿದ ಮೇಲೆ ಅಲ್ಲಿನ ಸರಕಾರದ ಜೊತೆಗಿನ ಒಪ್ಪಂದದಂತೆ 1988ರಲ್ಲಿ ಕಂಪೆನಿಗಳು ಮೂರು ಚಕ್ರದವುಗಳ ಮಾರಾಟ ನಿಲ್ಲಿಸಿದವು. ಇಂದಿನ ನಾಲ್ಕು ಚಕ್ರದ ಯಂತ್ರಗಳಲ್ಲಿ ಮುಂದೆ ಎರಡು ಶಾಕಪ್, ಹಿಂದೆ ಒಂದೋ ಎರಡೋ. ಸವಾರನ ತೂಕಕ್ಕೆ ಮೂರನೇ ಒಂದು ಭಾಗದ ಇಳಿತ ಎಂಬ ಲೆಕ್ಕ ಅಲ್ಲಿಯೂ ಹೆಚ್ಚು ಕಡಿಮೆ ಅದೇ. ಭಾರದವರಿಗೆ ರಿಂಗ್ ಬಿಗಿಮಾಡಿದರೂ ಸಾಲದಿದ್ದರೆ ಸ್ಪ್ರಿಂಗನ್ನೇ ಬದಲಿಸುತ್ತಾರೆ.

ರಿಸಾರ್ಟಿನ ಬಾಡಿಗೆಯ ಯಂತ್ರದಲ್ಲಿ ಹತ್ತು ನಿಮಿಷಕ್ಕೊಬ್ಬರು ಕೂರುವಾಗ ಯಾರೂ ರಿಂಗ್ ತಿರುಗಿಸುವುದಿಲ್ಲ. ಅಲ್ಲಿ ಮಾಡಬಹುದಾದುದು ಬೇರೆ. ಬಹುಪಾಲು ಎ.ಟಿ.ವಿ.ಗಳು ಒಬ್ಬರಿಗಾಗಿ ಮಾಡಿದವು, ಸೀಟು ಉದ್ದವಾಗಿರುವುದು ಸವಾರ ಹಿಂದೆ ಮುಂದೆ ಸರಿದು ತೂಕ ಹಂಚಲಿ ಎಂದೇ ಹೊರತು ಇಬ್ಬರು ಕೂರಲೆಂದಲ್ಲ. ಅಪ್ಪ ಮುಂದೆ, ಮಗಳು ಹಿಂದೆ ಕೂತು ದಿಣ್ಣೆ ಏರಿದರೆ ಹಿಂಭಾಗ ಕುಸಿದು ಮುಂದಿನ ಚಕ್ರಗಳು ನೆಲ ಬಿಡಬಹುದು, ಯಂತ್ರ ಹಿಂದಕ್ಕೆ ಮಗುಚಬಹುದು. ದೊಡ್ಡವರ ಯಂತ್ರವನ್ನು ಚಿಕ್ಕ ಮಕ್ಕಳ ಕೈಗೆ ಕೊಡುವುದೂ ಅಷ್ಟೇ ಅಪಾಯ, ತಿರುವಿನಲ್ಲಿ ಅದನ್ನು ಹತೋಟಿಯಲ್ಲಿಡಲು ಬೇಕಾದ ಮೈತೂಕವೇ ಅವರಿಗಿಲ್ಲ. ಫೋಟೋಕ್ಕಾಗಿ ಇಬ್ಬರು ಮೂವರನ್ನು ಕೂರಿಸುವ ಸಿಬ್ಬಂದಿಗೆ ಬೇಡವೆನ್ನುವ ಧೈರ್ಯ ವಿಹಾರ ಕೂಟದ ಸಂಚಾಲಕರಿಗೆ ಇರಬೇಕು.

ಸಂಘಗಳು ಮನಸ್ಸು ಮಾಡಿದರೆ

ನಮ್ಮ ಸಂಘ ಸಂಸ್ಥೆಗಳು ವರ್ಷವಿಡೀ ರಕ್ತದಾನ ಶಿಬಿರ, ನೇತ್ರ ತಪಾಸಣೆ, ಆರೋಗ್ಯ ಶಿಬಿರಗಳನ್ನು ಏರ್ಪಡಿಸುತ್ತ ಬಂದಿವೆ. ಚೌತಿಗೆ ಮುಂಚಿನ ಒಂದು ಭಾನುವಾರ ಯುವ ವಿಭಾಗದವರು ಸಂಘದ ಅಂಗಳದಲ್ಲಿ ಅರ್ಧ ದಿನದ ಬೈಕು ತಪಾಸಣೆ ಇಟ್ಟುಕೊಂಡರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಪರಿಚಯದ ಒಬ್ಬ ಮೆಕ್ಯಾನಿಕ್, ಒಂದು ಅಳತೆ ಟೇಪು, ಕೊಕ್ಕೆಯ ಪಾನ, ಗಾಳಿಯ ಗೇಜು, ಆರೋಗ್ಯ ಶಿಬಿರದಿಂದ ಉಳಿದ ತೂಕದ ಯಂತ್ರ ಇದ್ದರಾಯಿತು. ಸಂಜೆ ಕತ್ತಲಾದ ಮೇಲೆ ಎದುರಿನ ಗೋಡೆಗೆ ಬೆಳಕು ಬಿಟ್ಟು, ಒಬ್ಬರು ಕೂತಾಗ ಎಲ್ಲಿ, ಇಬ್ಬರು ಕೂತಾಗ ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ ತೋರಿಸಿದರೆ ಹಿರಿಯರಿಗೂ ವಿಷಯ ಮನದಟ್ಟಾಗುತ್ತದೆ. ಬೈಕು ಓಡಿಸುವವನ ಜೊತೆ ಹಿಂದೆ ಕೂರುವವರೂ ಬಂದರೆ ಮಾತ್ರ ಈ ತಪಾಸಣೆಗೆ ಅರ್ಥ. ಅಳೆಯಬೇಕಾದುದು ಇಬ್ಬರ ತೂಕ.

ಅಳತೆ ಮಾಡಿದ ಮೇಲೆ ಒಬ್ಬರಿದ್ದಾಗ ಎಷ್ಟನೇ ಮೆಟ್ಟಿಲು, ಇಬ್ಬರಿದ್ದಾಗ ಎಷ್ಟು, ಇಬ್ಬರ ಜೊತೆ ಬ್ಯಾಗಿದ್ದರೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬಹುದು. ಊರು ತಲುಪಿ ಬ್ಯಾಗು ಇಳಿಸಿ, ಮರುದಿನ ಒಬ್ಬರೇ ಪೇಟೆಗೆ ಹೊರಡುವಾಗ ರಿಂಗನ್ನು ಮತ್ತೆ ಕೆಳಗಿಳಿಸಬೇಕು. ಮುಂಬಯಿಗೆ ಹಿಂತಿರುಗುವಾಗ ತಾಯಿ ಕಟ್ಟಿಕೊಡುವ ತೆಂಗಿನಕಾಯಿ, ಕುಚ್ಚಲಕ್ಕಿಯ ಭಾರ ಹೋಗುವಾಗಿನ ಬ್ಯಾಗಿಗಿಂತ ಹೆಚ್ಚೇ ಇರುತ್ತದೆ. ಅದನ್ನೂ ಒಮ್ಮೆ ತೂಗಿ ನೋಡಿಕೊಳ್ಳುವುದು ಒಳ್ಳೆಯದು.